ತಕ್ಕಡಿ ಕೋಣೆಯ ಕಲ್ಲು

ಹೋಟೆಲಿಗೆ ಹೋದರೆ ನಾನು ಮೊದಲು ನೋಡುವುದು ತಿಂಡಿಯ ಪಟ್ಟಿಯನ್ನಲ್ಲ, ಮೇಜನ್ನು. ಅಂಗೈ ಊರಿ ಒಂದು ಸಲ ಒತ್ತುತ್ತೇನೆ. ಅಲ್ಲಾಡಿದರೆ ಎದ್ದು ಬೇರೆ ಮೇಜಿಗೆ ಹೋಗುತ್ತೇನೆ. ಮನೆಯವರಿಗೆ ಇದು ತಮಾಷೆ. "ಅಜ್ಜಿ ಮೇಜಿನ ನಾಡಿ ನೋಡ್ತಾರೆ" ಅಂತ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರ ಪಾಲಿಗೆ ನಾನು ಹುಟ್ಟುವಾಗಲೇ ಅಜ್ಜಿಯಾಗಿದ್ದವಳು. ಸಾರಿಗೆ ಉಪ್ಪು ಹಾಕುವುದು ಬಿಟ್ಟು ಬೇರೆ ಏನನ್ನಾದರೂ ಅಳೆದಿದ್ದೆ ಎಂದರೆ ನಂಬುವುದಿಲ್ಲ. ನಂಬಿಸುವ ಉಮೇದು ನನಗೂ ಉಳಿದಿಲ್ಲ. ಸಿಟ್ಟು ಮಾತ್ರ ಉಳಿದಿದೆ. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಿಬಿಡಬೇಕು ಅಂತ ಹೇಳುವವರಿದ್ದಾರೆ. ಅವರಿಗೆ ಯಾರನ್ನು ಕ್ಷಮಿಸಬೇಕಾಗಿ ಬಂದಿತ್ತೋ ನನಗೆ ಗೊತ್ತಿಲ್ಲ.

ಐವತ್ತರ ದಶಕದ ಮಾತು. ರಾಜಾಜಿನಗರ ಇನ್ನೂ ಹೊಸದು. ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು, ಅದರ ತುಂಬ ಹರಳು ಗಿಡ, ನಡುವೆ ಯಾರದೋ ಎಮ್ಮೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು, ಅಮ್ಮ ಕೂರಲು ಬಿಡುತ್ತಿರಲಿಲ್ಲ. ರುಬ್ಬು, ತಿರುವು, ಕುಟ್ಟು. ಅಷ್ಟರಲ್ಲಿ ನಮ್ಮ ಬ್ಲಾಕಿನಿಂದ ನಡೆದು ಹೋಗುವಷ್ಟು ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ, ಔಷಧ ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಕೆಮಿಸ್ಟ್ ಬೇಕಾಗಿದ್ದಾರೆ ಎಂದು ತಿಳಿಯಿತು. ಅರ್ಜಿ ಹಾಕಿದೆ. ಆರು ತಿಂಗಳು ನೋಡುತ್ತೇವೆ, ಕೆಲಸ ಚೆನ್ನಾಗಿದ್ದರೆ ಖಾಯಂ ಮಾಡುತ್ತೇವೆ ಎಂದು ಕರೆದರು.

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದರು.

"ನೋಡೇ, ಹೋಗು. ಆರು ತಿಂಗಳು ನಿನ್ನ ಜಾತಕ ಪೆಟ್ಟಿಗೆಯಿಂದ ಈಚೆಗೆ ತೆಗೆಯಲ್ಲ. ಕೆಲಸ ಖಾಯಂ ಆಯ್ತೋ, ಮದುವೆ ಯಾವಾಗ ಅಂತ ನೀನೇ ಹೇಳು. ಆಗ್ಲಿಲ್ವೋ, ಆಮೇಲೆ ನಾನು ತೋರಿಸಿದ ಗಂಡಿಗೆ ತಲೆ ಆಡಿಸ್ಬೇಕು. ಒಪ್ಪಿಗೇನಾ?"

ನಾನು ಕುಣಿದು ಒಪ್ಪಿಕೊಂಡೆ. ಕೆಲಸ ಗೊತ್ತಿದ್ದವಳಿಗೆ ಕೆಲಸ ಉಳಿಯುತ್ತದೆ ಅಂತ ನಂಬಿದ್ದ ವಯಸ್ಸು ಅದು.

ಕಾರ್ಖಾನೆಯ ಒಡೆಯರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಅಪ್ಪನಿಗೂ ಅವರಿಗೂ ಮುಖಪರಿಚಯವಿತ್ತು. ಅವರದು ಅಲ್ಲಿಯದೇ ಹಳೆಯ ಹಳ್ಳಿಯ ಒಕ್ಕಲು ಮನೆತನ. ಹೊಲದ ಬಹುಪಾಲು ಬಡಾವಣೆಗೆ ಹೋಗಿತ್ತು, ಉಳಿದ ತುಂಡಿನಲ್ಲಿ ಶೆಡ್ಡು ಎಬ್ಬಿಸಿ ಕೆಮ್ಮಿನ ಔಷಧ, ಮುಲಾಮು, ಜ್ವರದ ಮಾತ್ರೆ ಮಾಡಿಸುತ್ತಿದ್ದರು. ಕೆಟ್ಟವರೇನಲ್ಲ. ದನಿ ಎತ್ತುತ್ತಿರಲಿಲ್ಲ, ಕೆಲಸದವರ ಮನೆಯ ಕಷ್ಟಸುಖ ಕೇಳುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವರು ಕಟುಕರಾಗಿದ್ದಿದ್ದರೆ ನನ್ನ ಸಿಟ್ಟು ಎಂದೋ ಮುಗಿದು ಹೋಗುತ್ತಿತ್ತು. ಅವರ ತಾಯಿಯನ್ನು ದೊಡ್ಡವ್ವ ಅನ್ನುತ್ತಿದ್ದರು. ಪ್ರತಿ ಶುಕ್ರವಾರ ಬಂದು ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿ ಹೋಗುತ್ತಿದ್ದರು. ಇವರಿಬ್ಬರನ್ನು ಬಿಟ್ಟರೆ ನನ್ನ ದಿನವೆಲ್ಲ ಸೂಪರ್‌ವೈಸರ್ ಜೊತೆ. ಆತನಿಗೆ ಯಂತ್ರಗಳು ಚೆನ್ನಾಗಿ ಗೊತ್ತಿದ್ದವು, ತನಗೆ ಎಲ್ಲವೂ ಗೊತ್ತು ಎನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ನನಗೆ ಕೊಟ್ಟದ್ದು ಒಂದು ಸಣ್ಣ ಕೋಣೆ, ಅದರಲ್ಲಿ ಒಂದು ತೇಗದ ಮೇಜು, ಮೇಜಿನ ಮೇಲೆ ತಕ್ಕಡಿ. ತಕ್ಕಡಿ ಎಂದರೆ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲುವ ರಸಾಯನಶಾಸ್ತ್ರದ ತಕ್ಕಡಿ. ಅದರ ತೂಕಗಳನ್ನು ಚಿಮಟದಲ್ಲೇ ಎತ್ತಬೇಕು, ಬೆರಳಿನ ಜಿಡ್ಡು ತಾಗಿದರೂ ಲೆಕ್ಕ ತಪ್ಪುತ್ತದೆ. ಒಂದು ಮಾತ್ರೆಯಲ್ಲಿ ಔಷಧ ಎಷ್ಟಿದೆ, ಬರಿಯ ಹಿಟ್ಟು ಎಷ್ಟಿದೆ ಎಂದು ಹೇಳುವುದೆಲ್ಲ ಅದರ ಮೇಲೆ ನಿಂತಿತ್ತು. ಕಾಲೇಜಿನಲ್ಲಿ ಅದರ ಮುಂದೆ ಕೂತಾಗ ನಾನು ಉಸಿರು ಬಿಗಿ ಹಿಡಿದುಕೊಳ್ಳುತ್ತಿದ್ದೆ. ಮುಳ್ಳು ಎಡಕ್ಕೆ ಬಲಕ್ಕೆ ತೂಗಿ ತೂಗಿ, ತೂಗುವುದು ಸಣ್ಣದಾಗುತ್ತಾ ಬಂದು, ಕೊನೆಗೆ ನಡುಗೆರೆಯ ಮೇಲೆ ನಿಂತುಬಿಡುತ್ತಿತ್ತು. ಅದು ನಿಂತ ಕ್ಷಣ ನನಗೆ ಆಗುತ್ತಿದ್ದ ಸಂತೋಷ ಆಮೇಲೆ ಯಾವ ಹಬ್ಬದಲ್ಲೂ ಆಗಿಲ್ಲ.

ಇಲ್ಲಿ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ಗೋಡೆಯಾಚೆ ಮಾತ್ರೆ ಒತ್ತುವ ಯಂತ್ರ ಧಡಧಡ ಅನ್ನುತ್ತಿತ್ತು. ನೆಲ ನಡುಗುತ್ತಿತ್ತು, ನೆಲದ ಜೊತೆ ಮೇಜು, ಮೇಜಿನ ಜೊತೆ ತಕ್ಕಡಿ. ಯಾರಾದರೂ ಬಾಗಿಲ ಹತ್ತಿರ ದಪದಪ ನಡೆದು ಹೋದರೂ ಮುಳ್ಳು ಬೆಚ್ಚಿಬೀಳುತ್ತಿತ್ತು. ಯಜಮಾನರ ಬಳಿ ಹೋಗಿ ಹೇಳಿದೆ.

"ಸಾರ್, ತಕ್ಕಡಿಗೆ ಕಲ್ಲಿನ ಮೇಜು ಬೇಕು. ನಾಲ್ಕು ಕಲ್ಲಿನ ಕಾಲು, ಮೇಲೆ ಒಂದು ದಪ್ಪ ಚಪ್ಪಡಿ. ಕಾಲುಗಳು ಈ ನೆಲದ ಮೇಲೆ ನಿಲ್ಲಬಾರ್ದು. ನೆಲ ಕೊರೆದು, ಕೆಳಗೆ ಗಟ್ಟಿ ಮಣ್ಣಿನಿಂದ್ಲೇ ಬೇರೆ ಪಾಯ ಹಾಕಿ ಎಬ್ಬಿಸ್ಬೇಕು. ನೆಲಕ್ಕೂ ಕಾಲಿಗೂ ಮಧ್ಯೆ ಸಂದು ಬಿಟ್ಟು ಮರಳು ತುಂಬಿಸ್ಬೇಕು. ಆಗ ನೆಲ ಎಷ್ಟು ನಡುಗಿದ್ರೂ ಕಲ್ಲಿಗೆ ತಾಗಲ್ಲ."

ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. "ಒಂದು ಮಾತ್ರೆ ತೂಗೋಕ್ಕೆ ದೇವಸ್ಥಾನ ಕಟ್ಬೇಕೇನು ಮಿಸ್?" ಅಂದ.

ಯಜಮಾನರು ನಗಲಿಲ್ಲ. ಆಸ್ಪತ್ರೆಗಳಿಗೆ ಔಷಧ ಒದಗಿಸುವ ಮಾತುಕತೆ ನಡೆಯುತ್ತಿತ್ತು, ಅದಕ್ಕೆ ನಮ್ಮ ಪರೀಕ್ಷೆಯ ವರದಿ ಕೊಡಬೇಕಿತ್ತು. "ಆಗ್ಲಮ್ಮ, ಮಾಡಿಸೋಣ" ಅಂದರು. ಅವತ್ತು ಸಂಜೆ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಾಗಡಿ ರಸ್ತೆಯಾಚೆಯ ಬಂಡೆಯಿಂದ ಕಲ್ಲು ಎತ್ತಿನ ಗಾಡಿಯಲ್ಲಿ ಬಂತು. ಕಲ್ಲುಕುಟಿಗರು ಶೆಡ್ಡಿನ ಹಿಂದೆ ಕೂತು ಉಳಿಯಲ್ಲಿ ಹಸನು ಮಾಡಿ, ಮರಳು ನೀರು ಹಾಕಿ ಉಜ್ಜಿ ಉಜ್ಜಿ, ಚಪ್ಪಡಿಯ ಮುಖವನ್ನು ನುಣ್ಣಗೆ ತಂದರು. ನಾನು ಮಧ್ಯೆ ಮಧ್ಯೆ ಹೋಗಿ ಅಂಗೈ ಸವರಿ ನೋಡುತ್ತಿದ್ದೆ. ಬೂದು ಬಣ್ಣದ ಕಲ್ಲು, ಮಧ್ಯಾಹ್ನದ ಬಿಸಿಲಲ್ಲೂ ಒಳಗೆ ತಣ್ಣಗಿರುತ್ತಿತ್ತು. ಕೋಣೆಯ ಪೂರ್ವದ ಗೋಡೆಯ ಬಳಿ ಕಾಲುಗಳಿಗೆ ಗುಂಡಿ ತೆಗೆದರು. ಅಲ್ಲಿಯವರೆಗೆ ಎಲ್ಲವೂ ನಾನು ಹೇಳಿದ ಹಾಗೇ ಆಯಿತು.

ಪಾಯ ಎಂದ ಮೇಲೆ ಪೂಜೆ ಇರಲೇಬೇಕು. ಅದು ಮನೆಯ ಪಾಯವೋ ಮೇಜಿನ ಪಾಯವೋ ದೊಡ್ಡವ್ವನಿಗೆ ಒಂದೇ. ಶುಕ್ರವಾರ ಬೆಳಿಗ್ಗೆ ಮಡಿಸೀರೆ ಉಟ್ಟು ಬಂದರು. ಈಶಾನ್ಯದ ಗುಂಡಿಗೆ ಅರಿಸಿನ ಕುಂಕುಮ ಹಾಕಿ, ಹಾಲು ತುಪ್ಪ ಬಿಟ್ಟರು. ಆಮೇಲೆ ನವಧಾನ್ಯ. ಎಲ್ಲ ಕಡೆ ಒಂದೊಂದು ಚಿಟಿಕೆ ಹಾಕುವುದನ್ನು ನಾನು ನೋಡಿದ್ದೇನೆ. ದೊಡ್ಡವ್ವ ಹೊರೆಯಾಳಿನ ತಲೆಯ ಮೇಲೆ ಒಂದು ಮಣ್ಣಿನ ಗಡಿಗೆಯನ್ನೇ ಹೊರಿಸಿಕೊಂಡು ಬಂದಿದ್ದರು. ಅದರ ತುಂಬ ರಾಗಿ, ಹುರುಳಿ, ಅವರೆ, ಹೆಸರು, ಎಳ್ಳು. ಬಾಯಿಗೆ ಬಟ್ಟೆ ಕಟ್ಟಿ ಗುಂಡಿಯಲ್ಲಿ ಇಳಿಸಿದರು.

"ಒಂದು ಚಿಟಿಕೆ ಸಾಕಲ್ವಾ ಅವ್ವಾ?" ಎಂದು ಕೇಳಿದೆ.

"ಚಿಟಿಕೆ ಯಾಕವ್ವಾ? ನಾವೇನು ಭಿಕ್ಷೆ ಹಾಕ್ತಿದೀವಾ? ನಮ್ಮತ್ತೆ ಕಾಲದಿಂದ ಈ ನೆಲ್ದಲ್ಲಿ ರಾಗಿ ಬೆಳ್ದಿದೀವಿ. ಈಗ ಇದ್ರ ಎದೆ ಮೇಲೆ ಬರೀ ಮಿಸೀನು ಕುಣೀತಾವೆ. ಒಂದು ಗಡಿಗೆ ಕಾಳಾದ್ರೂ ಉಣ್ಲಿ ಭೂಮ್ತಾಯಿ."

ಅವರ ಕಣ್ಣಲ್ಲಿ ನೀರಿತ್ತು. ಆದರೂ ಪಾಯದ ಕೆಳಗೆ ಗಡಿಗೆ ಹೂಳುವುದೆಂದರೆ ಟೊಳ್ಳು ಹೂಳಿದ ಹಾಗೆ. ಗಾರೆಯವನಿಗೆ ಅದನ್ನೇ ಹೇಳಿದೆ. "ಮೇಲೆ ಜಲ್ಲಿ ಹಾಕಿ ಗಟ್ಟಿ ದಮ್ಮಸ್ಸು ಮಾಡ್ತೀನಮ್ಮಾ, ಏನೂ ಆಗಲ್ಲ" ಅಂದ. ಯಜಮಾನರಿಗೂ ಹೇಳಿದೆ. "ಅವ್ವನ ಮನಸ್ಸು ನೋಯಿಸೋದು ಬೇಡಮ್ಮ" ಅಂದರು. ಗಡಿಗೆಯ ಮೇಲೆ ಮಣ್ಣು ಬಿತ್ತು, ಜಲ್ಲಿ ಬಿತ್ತು, ಕಾಲು ನಿಂತಿತು. ಚಪ್ಪಡಿಯನ್ನು ಜನ ಹಿಡಿದು ಮೇಲೇರಿಸಿದರು. ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಇರುವ ರಸಮಟ್ಟವನ್ನು ಅದರ ಮೇಲಿಟ್ಟು ನೋಡಿದಾಗ, ಉದ್ದಕ್ಕೆ ಇಟ್ಟರೂ ಅಡ್ಡಕ್ಕೆ ಇಟ್ಟರೂ ಗುಳ್ಳೆ ನಟ್ಟನಡುವೆ ಕೂತಿತು.

ಅದಾದ ಮೇಲಿನ ಕೆಲವು ವಾರಗಳು ನನ್ನ ಜೀವನದ ಒಳ್ಳೆಯ ದಿನಗಳು. ಇದನ್ನು ನನ್ನ ಮಕ್ಕಳ ಮುಂದೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ನಿಜ. ಆಚೆ ಯಂತ್ರ ಕುಣಿಯುತ್ತಿದ್ದರೆ ಈಚೆ ಮುಳ್ಳು ತನ್ನ ಪಾಡಿಗೆ ತೂಗಿ, ನಿಧಾನವಾಗಿ ನಿಲ್ಲುತ್ತಿತ್ತು. ಒಂದೇ ಮಾತ್ರೆಯನ್ನು ಬೆಳಿಗ್ಗೆ ತೂಗಿದರೂ ಸಂಜೆ ತೂಗಿದರೂ ಅದೇ ತೂಕ. ನನ್ನ ಕೈ ಎಷ್ಟು ಒಳ್ಳೆಯ ಕೈ ಎಂದು ನನಗೆ ಗೊತ್ತಾದದ್ದೇ ಆಗ. ಕಲ್ಲಿಗೆ ಯಾರೂ ಒರಗಬಾರದು, ಅದರ ಮೇಲೆ ಟೀ ಲೋಟ ಇಡಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಸೂಪರ್‌ವೈಸರ್ ಬೇಕೆಂದೇ ಒಂದು ದಿನ ಒರಗಿ ನಿಂತ. "ಏಳಿ" ಅಂದೆ. ಎದ್ದ. ಆ ಒಂದು ಶಬ್ದವನ್ನು ಅವನು ಮರೆಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ತಕ್ಕಡಿಗೇ ಕೂಡಿಸಿದ್ದ ಸಣ್ಣ ರಸಮಟ್ಟದ ಗುಳ್ಳೆ ನಡುವಿನಲ್ಲಿ ಇರಲಿಲ್ಲ. ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು. ತಕ್ಕಡಿಯ ಅಡಿಯ ತಿರುಪು ತಿರುಗಿಸಿ ಸರಿ ಮಾಡಿಕೊಂಡೆ. ಮರುದಿನ ಮತ್ತೆ ಸರಿದಿತ್ತು. ಒಂದು ವಾರ ಕಳೆಯುವುದರಲ್ಲಿ, ಬೆಳಿಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ತಪ್ಪತೊಡಗಿತು. ತೂಗಲು ಶುರು ಮಾಡುವಾಗ ನಡುಗೆರೆಯಲ್ಲಿದ್ದ ಮುಳ್ಳು, ತೂಗಿ ಮುಗಿಸಿ ತಟ್ಟೆ ಖಾಲಿ ಮಾಡಿದರೆ ಬೇರೆಲ್ಲೋ ನಿಲ್ಲುತ್ತಿತ್ತು. ಒಂದೇ ಮಾತ್ರೆ ಮೂರು ಸಲ ತೂಗಿದರೆ ಮೂರು ತೂಕ. ನನಗೆ ಅನುಮಾನವೇ ಉಳಿಯಲಿಲ್ಲ. ಗುಳ್ಳೆ ಬಲಕ್ಕೆ ಸರಿದರೆ ಎಡಬದಿ ತಗ್ಗಿದೆ ಎಂದರ್ಥ, ನಾನು ಕೂತಾಗ ಎಡಗೈ ಕಡೆ ಗೋಡೆಯ ಪಕ್ಕಕ್ಕಿರುವುದು ಈಶಾನ್ಯದ ಕಾಲು. ಅದು ಇಳಿಯುತ್ತಿತ್ತು.

ಯಜಮಾನರಿಗೆ ಹೇಳಿದೆ.

"ಕಲ್ಲು ಅಲ್ಲಾಡುತ್ತೇನಮ್ಮಾ?" ಅಂತ ಆಶ್ಚರ್ಯಪಟ್ಟರು.

"ಅಷ್ಟು ಜನ ಸೇರಿ ಎತ್ತಿಟ್ಟ ಕಲ್ಲು ಸಾರ್ ಅದು" ಎಂದ ಸೂಪರ್‌ವೈಸರ್. "ಕಲ್ಲಲ್ಲ ಅಲ್ಲಾಡ್ತಿರೋದು. ಹೆಂಗಸರ ಕೈ. ಇಷ್ಟು ಸಣ್ಣ ಕೆಲಸಕ್ಕೆ ಕೈ ನಿಲ್ಬೇಕಲ್ಲ."

ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರನ್ನು ಕೋಣೆಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಬಲಕ್ಕೆ ಓಡಿತು.

"ರಸಮಟ್ಟಾನೇ ಕೆಟ್ಟಿರಬಹುದಲ್ಲಮ್ಮಾ?"

ಒಳ್ಳೆಯ ಪ್ರಶ್ನೆ. ಅದನ್ನೇ ಕಾಯುತ್ತಿದ್ದೆ. "ಕೆಟ್ಟಿದ್ರೆ ಗೊತ್ತಾಗುತ್ತೆ ಸಾರ್. ಈಗ ಇದನ್ನ ಹಿಂದುಮುಂದು ತಿರುಗಿಸಿ ಇಡ್ತೀನಿ. ತಪ್ಪು ರಸಮಟ್ಟದ್ದಾದ್ರೆ ಗುಳ್ಳೆಯೂ ತಿರುಗಿ ಎಡಕ್ಕೆ ಹೋಗ್ಬೇಕು. ಬಲಕ್ಕೇ ಹೋದ್ರೆ ತಪ್ಪು ಕಲ್ಲಿಂದು."

ತಿರುಗಿಸಿ ಇಟ್ಟೆ. ಗುಳ್ಳೆ ಬಲಕ್ಕೇ ಹೋಯಿತು. ಯಜಮಾನರು ಬಗ್ಗಿ ನೋಡಿದರು. ಅವರೇ ಇನ್ನೊಮ್ಮೆ ತಿರುಗಿಸಿದರು. ಮತ್ತೆ ಬಲಕ್ಕೆ. ತಲೆ ಎತ್ತಿ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಆ ಮನುಷ್ಯನಿಗೆ ಅವತ್ತೇ ಅರ್ಥವಾಗಿತ್ತು.

"ಈಶಾನ್ಯದ ಕಾಲಿನ ಹತ್ತಿರ ಅಗೆಸಿ ನೋಡ್ಬೇಕು ಸಾರ್. ಗಡಿಗೆ ಒಡೆದಿರ್ಬೇಕು."

"ಶುಕ್ರವಾರ ಅವ್ವ ಬರ್ತಾರೆ, ಕೇಳ್ತೀನಿ" ಅಂದರು.

ದೊಡ್ಡವ್ವ ಬಂದರು. ಮಾತು ಕೇಳಿ ಎದೆ ಹಿಡಿದುಕೊಂಡರು. "ಪೂಜೆ ಮಾಡಿ ಮುಚ್ಚಿದ್ದನ್ನ ಅಗೀತಾರಾ? ಭೂಮ್ತಾಯಿ ತುತ್ತು ಬಾಯಿಂದ ಕಿತ್ಕೊಂಡಂಗೆ ಆಯ್ತದೆ." ಸ್ವಲ್ಪ ಹೊತ್ತು ಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು. ಎಲ್ಲರ ಎದುರಿಗೆ, ಮಾಮೂಲಿ ದನಿಯಲ್ಲಿ, ಅಡುಗೆ ಏನು ಅಂತ ಕೇಳುವ ಹಾಗೆ ಕೇಳಿದರು.

"ಯಾಕವ್ವಾ, ನೀನು ಹೊರಗಾದಾಗ್ಲೂ ಈ ಕಲ್ಲು ಮುಟ್ತೀಯಾ?"

ಸೂಪರ್‌ವೈಸರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ನಗುತ್ತಿತ್ತು. ಯಜಮಾನರು ಚಪ್ಪಲಿ ನೋಡಿಕೊಂಡರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನೆಲ ಬಾಯಿ ಬಿಟ್ಟೇ ಇತ್ತು, ಆ ಕಾಲಿನ ಕೆಳಗೆ. ಅದನ್ನೇ ಅಲ್ಲವೇ ನಾನು ಹೇಳುತ್ತಿದ್ದದ್ದು. ನಾಚಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದಿತ್ತು, ಆದರೆ ಬಾಯಿಂದ ಬಂದದ್ದು ಅಳು. ಅದಕ್ಕಾಗಿ ನನ್ನ ಮೇಲೆ ನನಗೆ ಇವತ್ತಿಗೂ ಕೋಪ.

ತೀರ್ಮಾನ ಆಯಿತು. ಅಗೆಯುವುದು ಬೇಡ. ತಿಂಗಳಲ್ಲಿ ಆ ಮೂರು ದಿನ ನಾನು ತಕ್ಕಡಿ ಕೋಣೆಗೆ ಕಾಲಿಡುವುದು ಬೇಡ, ಸೂಪರ್‌ವೈಸರ್ ತೂಗಲಿ. "ಅವ್ವನ ಸಮಾಧಾನಕ್ಕಮ್ಮಾ" ಎಂದರು ಯಜಮಾನರು. ತಿಂಗಳಿಗೊಮ್ಮೆ ನನ್ನ ಮೈಯ ಸಮಾಚಾರ ಇಡೀ ಕಾರ್ಖಾನೆಗೆ ಗೊತ್ತಾಗುವ ಏರ್ಪಾಡು ಅದು. ನಾನು ಬಾಗಿಲಾಚೆ ಬಾಟಲಿ ತೊಳೆಯುತ್ತಾ ಕೂತರೆ ಸಾಕು, ಲೇಬಲ್ ಅಂಟಿಸುವವರಿಂದ ಹಿಡಿದು ಕಾವಲಿನವನವರೆಗೆ ಎಲ್ಲರೂ ಅರ್ಥ ಮಾಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ಓಡಿಹೋಗಬೇಕು ಅನ್ನಿಸುತ್ತಿತ್ತು. ಓಡಿದರೆ ಎಲ್ಲಿಗೆ? ಮನೆಯಲ್ಲಿ ಪೆಟ್ಟಿಗೆಯೊಳಗೆ ಜಾತಕ ಕಾಯುತ್ತಿತ್ತು. ಖಾಯಂ ಆಗುವವರೆಗೆ ಹಲ್ಲು ಕಚ್ಚಿಕೊಂಡಿರೋಣ ಎಂದುಕೊಂಡು ಬಾಟಲಿ ತೊಳೆದೆ.

ನಾನು ಒಳಗೆ ಹೋಗದ ಆ ದಿನಗಳಲ್ಲೂ ಗುಳ್ಳೆ ಸರಿಯುತ್ತಲೇ ಇತ್ತು. ಅದನ್ನೂ ದೊಡ್ಡವ್ವನಿಗೆ ಹೇಳಿದೆ. "ಒಂದ್ಸಲ ಮೈಲಿಗೆ ಆದ್ರೆ ಆಯ್ತಲ್ಲವ್ವಾ, ಅದು ಹೋಯ್ತದಾ?" ಅಂದರು. ಇದಕ್ಕೆ ಯಾವ ರಸಮಟ್ಟವನ್ನು ತಿರುಗಿಸಿ ತೋರಿಸಲಿ?

ಆರು ತಿಂಗಳು ಮುಗಿಯಲು ಬಂದಾಗ ಆಸ್ಪತ್ರೆಗೆ ಹೋಗಬೇಕಾದ ಮೊದಲ ಮಾಲು ತಯಾರಾಯಿತು. ಮಕ್ಕಳ ಜ್ವರದ ಮಾತ್ರೆ. ನಾನು ತೂಗಿದೆ, ಮತ್ತೆ ತೂಗಿದೆ. ಒಂದು ಸಲ ಔಷಧ ಸರಿಯಾಗಿದೆ ಅನ್ನುತ್ತಿತ್ತು ತಕ್ಕಡಿ, ಇನ್ನೊಂದು ಸಲ ಹೆಚ್ಚು ಅನ್ನುತ್ತಿತ್ತು. ಯಾವುದನ್ನು ನಂಬಬೇಕು? ಯಜಮಾನರು ವರದಿಯನ್ನು ಬೆರಳಚ್ಚು ಮಾಡಿಸಿ ಸಹಿಗೆ ನನ್ನ ಮುಂದೆ ಇಟ್ಟರು.

"ಹಾಕೋಕ್ಕಾಗಲ್ಲ ಸಾರ್. ಕಲ್ಲು ಸರಿಯಾಗೋವರೆಗೂ ಈ ತೂಕ ನಂಬೋ ಹಾಗಿಲ್ಲ."

"ಸುಮಾರಾಗಿ ಸರಿ ಇದೆ ತಾನೇ?"

"ಸುಮಾರಾಗಿ ಅನ್ನೋದಾದ್ರೆ ಈ ತಕ್ಕಡಿ ಯಾಕೆ ಸಾರ್? ತರಕಾರಿ ಅಂಗಡಿ ತಕ್ಕಡಿ ಸಾಕಿತ್ತು. ತಿನ್ನೋದು ಮಕ್ಕಳು."

ಅವರ ಮುಖ ಗಂಟಾಯಿತು. ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ. "ನಿಮ್ಮ ತಂದೆ ಬಗ್ಗೆ ಗೌರವ ಇದೆಯಮ್ಮಾ ನಂಗೆ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ" ಅಂದರು. ಕಾಗದ ತೆಗೆದುಕೊಂಡು ಹೋದರು. ಸಹಿಯನ್ನು ಸೂಪರ್‌ವೈಸರ್ ಹಾಕಿದ. ಮಾಲು ಹೋಯಿತು. ಆ ಮಾತ್ರೆ ತಿಂದ ಮಕ್ಕಳಿಗೆ ಏನಾದರೂ ಆಯಿತೋ, ಏನೂ ಆಗಲಿಲ್ಲವೋ, ನನಗೆ ತಿಳಿಯಲಿಲ್ಲ. ಬೇರೆ ಯಾರಿಗೂ ತಿಳಿಯುವ ಹಂಬಲ ಇದ್ದಂತೆ ಕಾಣಲಿಲ್ಲ. ತಿಂಗಳ ಕೊನೆಗೆ ನನ್ನನ್ನು ಕರೆದು, ಖಾಯಂ ಮಾಡುವ ಹಾಗಿಲ್ಲ, ಪ್ರಯೋಗಶಾಲೆಯ ಕೆಲಸಕ್ಕೆ ಸ್ಥಿರವಾದ ಕೈ ಬೇಕಾಗುತ್ತದೆ ಎಂದು ಹೇಳಿ ಕಳಿಸಿದರು.

ಅಪ್ಪ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಎಲ್ಲ ಹೇಳಿದೆ, ಗಡಿಗೆ, ಗುಳ್ಳೆ, ಮಕ್ಕಳ ಮಾತ್ರೆ. ದೊಡ್ಡವ್ವ ಕೇಳಿದ ಮಾತೊಂದನ್ನು ಬಿಟ್ಟು. ಅವರು ಲೋಟ ಕೆಳಗಿಟ್ಟರು.

"ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಇಪ್ಪತ್ತು ವರ್ಷ ಕಚೇರಿಯಲ್ಲಿ ಬೇರೆಯವರು ಬರೆದದ್ದರ ಕೆಳಗೆ ಸಹಿ ಹಾಕಿಕೊಂಡು ಬಂದ ಮನುಷ್ಯ. ಅವರನ್ನು ನಾನು ಬೈಯಲಾರೆ, ಆದರೆ ಆ ಮಾತನ್ನು ಮರೆಯಲೂ ಆರೆ. ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಒಪ್ಪಿದ್ದೆನಲ್ಲ, ತಲೆ ಆಡಿಸಿದೆ.

ಮದುವೆಗೆ ಪಕ್ಕದ ಖಾಲಿ ಸೈಟಿನಲ್ಲೇ ಚಪ್ಪರ ಹಾಕಿಸಿದರು. ಹರಳು ಗಿಡ ಕಡಿಸಿ, ಎಮ್ಮೆಯನ್ನು ಆಚೆ ಕಟ್ಟಿಸಿ, ಮಣ್ಣು ಬಡಿದು ಸಗಣಿ ಸಾರಿಸಿದರು. ಅಪ್ಪ ಯಜಮಾನರಿಗೂ ಲಗ್ನಪತ್ರಿಕೆ ಕೊಟ್ಟು ಬಂದಿದ್ದರು. "ಆರು ತಿಂಗಳು ಕೆಲಸ ಕೊಟ್ಟವರು" ಅಂದರು. ಯಜಮಾನರು ಮುಹೂರ್ತಕ್ಕೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಒಳಗಿನ ಕೋಣೆಯಲ್ಲಿ ಅಮ್ಮ ನನಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು, ಒಳ್ಳೆಯ ಸುದ್ದಿ ತಂದವರ ಮುಖ ಮಾಡಿಕೊಂಡು ಹೇಳಿದರು.

"ನೀನು ಹೇಳಿದ್ದು ಸರಿ ಇತ್ತಂತೆ ಕಣೇ. ಆ ಕಲ್ಲು ಇಳೀತಾನೇ ಇತ್ತಂತೆ."

ನನ್ನ ಕೈಯಲ್ಲಿದ್ದ ಕನ್ನಡಿ ಹಾಗೇ ನಿಂತಿತು.

"ನಿನ್ನ ಜಾಗಕ್ಕೆ ಒಬ್ಬ ಹುಡುಗ ಬಂದಿದಾನಂತೆ. ಅವನೂ ನೋಡಿ, ಕಲ್ಲು ಇಳೀತಿದೆ ಅಂದನಂತೆ. ಅಗೆಸಿದ್ರೆ ಗಡಿಗೆ ಇದ್ದ ಕಡೆ ಹೆಗ್ಗಣದ ಬಿಲ ಅಂತೆ ಮಾರಾಯ್ತಿ. ಕಾಳೆಲ್ಲಾ ತಿಂದು, ಮಣ್ಣು ಕೊರೆದು, ಮರಿ ಬೇರೆ ಹಾಕಿತ್ತಂತೆ."

"ದೊಡ್ಡವ್ವ ಅಗೆಯೋಕ್ಕೆ ಬಿಟ್ರಾ?"

"ಅವರೇ ಮುಂದೆ ನಿಂತು ಶಾಂತಿ ಮಾಡಿಸಿ ಅಗೆಸಿದ್ರಂತೆ. ಹುಡುಗ ಬಲು ಚುರುಕಂತೆ. ಆಗ್ಲೇ ಖಾಯಂ ಮಾಡಿದಾರೆ."

ಅದೇ ಕಲ್ಲು, ಅದೇ ಗುಳ್ಳೆ, ಅದೇ ಮಾತು. ಹೇಳಿದ ಬಾಯಿ ಮಾತ್ರ ಬೇರೆ. "ಅಪ್ಪಾ, ಖಾಯಂ ಆಗ್ದೇ ಇದ್ದಿದ್ದು ನನ್ನ ತಪ್ಪಲ್ಲ ಅಂತಾಯ್ತಲ್ಲ. ನಮ್ಮ ಒಪ್ಪಂದ..." ಎಂದು ಶುರು ಮಾಡಿದೆ. ಅಮ್ಮನ ಕೈ ಜಡೆಯಲ್ಲಿ ನಿಂತಿತು. ಅಪ್ಪನ ಮುಖದ ಕಳೆ ಇಳಿಯಿತು. ನಾನು ಏನು ಕೇಳುತ್ತಿದ್ದೇನೆಂದು ಅವರಿಗೆ ಆಗ ಹೊಳೆದಿರಬೇಕು. ಆಚೆ ಓಲಗ ಶುರುವಾಗಿತ್ತು. ಅವರು ಗಡಿಯಾರ ನೋಡಿಕೊಂಡರು.

"ಹೊತ್ತಾಯ್ತು. ಕಣ್ಣು ಒರೆಸ್ಕೋ, ಕಾಡಿಗೆ ಹರಡುತ್ತೆ."

ಒರೆಸಿಕೊಂಡು ಹೋಗಿ ಕೂತೆ. ತಾಳಿ ಬಿತ್ತು, ಅಕ್ಷತೆ ಬಿತ್ತು. ಹೋಮದ ಮುಂದೆ ಸಣೆಕಲ್ಲು ತಂದಿಟ್ಟರು. ಮದುವಣಗಿತ್ತಿಯ ಬಲಗಾಲನ್ನು ಕಲ್ಲಿನ ಮೇಲೆ ಇಡಿಸುವ ಶಾಸ್ತ್ರ. ನಮ್ಮ ಅಡುಗೆಮನೆಯದೇ ಕಲ್ಲು, ನಾನು ವರ್ಷಗಟ್ಟಲೆ ಚಟ್ನಿ ಅರೆದದ್ದು. ಯಜಮಾನರು ಎರಡು ಮಾರು ದೂರದಲ್ಲಿ ವೀಳ್ಯ ಮೆಲ್ಲುತ್ತಾ ಕೂತಿದ್ದರು. ಗಂಡ ಎನಿಸಿಕೊಂಡವರು ಬಗ್ಗಿ ನನ್ನ ಕಾಲು ಹಿಡಿದು ಕಲ್ಲಿನ ಮೇಲಿಟ್ಟರು. ಪುರೋಹಿತರು ಮಂತ್ರ ಹೇಳಿ, ಓದಿದ ಹುಡುಗಿಯೆಂದು ನನಗಾಗಿ ಅರ್ಥವನ್ನೂ ಹೇಳಿದರು. "ಈ ಕಲ್ಲಿನ ಹಾಗೆ ಸ್ಥಿರವಾಗಿರು ಅಂತಮ್ಮಾ."

ಭಾರ ಬಿಟ್ಟೆ. ಬಡಿದು ಸಾರಿಸಿದ ಮಣ್ಣಿನ ಮೇಲೆ ಕಲ್ಲು ಕಟಕ್ ಎಂದು ವಾಲಿತು.

"ಕಲ್ಲು ಅಲ್ಲಾಡ್ತಿದೆ" ಅಂದೆ. ಮೆಲ್ಲಗಲ್ಲ, ಎಲ್ಲರಿಗೂ ಕೇಳಿಸುವ ಹಾಗೆ.

"ಕಲ್ಲು ಯಾಕಮ್ಮಾ ಅಲ್ಲಾಡುತ್ತೆ?" ಪುರೋಹಿತರು ನಕ್ಕರು. "ಕಾಲು ನಡುಗ್ತಿದೆ ಅಷ್ಟೇ. ಹೆಣ್ಮಕ್ಕಳಿಗೆಲ್ಲಾ ಈ ಹೊತ್ತಲ್ಲಿ ಹೀಗೇ."

ಮುಂದಿನ ಸಾಲಿನಿಂದ ಯಜಮಾನರ ದನಿ ಕೇಳಿಸಿತು, ಸಲಿಗೆಯ, ಖುಷಿಯ ದನಿ. "ಅವರಿಗೆ ಎಲ್ಲಾ ಕಲ್ಲೂ ಅಲ್ಲಾಡುತ್ತೆ ಸ್ವಾಮಿ!"

ಚಪ್ಪರವೆಲ್ಲ ನಕ್ಕಿತು. ನಾನು ಅಪ್ಪನ ಕಡೆ ನೋಡಿದೆ. ಅವರೂ ನಗುತ್ತಿದ್ದರು.

ಮಂತ್ರ ಮುಂದುವರಿಯಿತು. ನಾನು ಕಾಲು ತೆಗೆಯಲಿಲ್ಲ. ಹಿಮ್ಮಡಿಯ ಮೇಲೆ ಸ್ವಲ್ಪ ಭಾರ ಹಾಕಿದೆ, ಬೆರಳ ಮೇಲೆ ಸ್ವಲ್ಪ, ಆಮೇಲೆ ಒಂದೊಂದೇ ಬದಿಗೆ. ತಗ್ಗಿದ್ದದ್ದು ಕಿರುಬೆರಳಿನ ಕಡೆಯ ಮುಂದಿನ ಮೂಲೆ. ಅದರ ಕೆಳಗೆ ಒಂದು ವೀಳ್ಯದೆಲೆ ಮಡಿಸಿ ಇಟ್ಟಿದ್ದರೆ ಸಾಕಿತ್ತು. ಯಾವ ಮೂಲೆ ಎಂದು ಯಾರೂ ಕೇಳಲಿಲ್ಲ.